ಹದಿನಾಲ್ಕರ ಮಗಳಿಗೆ ನಾಲ್ಕೂ ಗೋಡೆ ಕಪ್ಪು ಬೇಕಂತೆ, ಏನು ಮಾಡಲಿ?

ಪ್ರಶ್ನೆ: ನಾವು ಶಿವಮೊಗ್ಗದವರು. ಸ್ವಂತ ಮನೆ, ಕಟ್ಟಿಸಿ ಇಪ್ಪತ್ತು ವರ್ಷವಾಯಿತು. ಮಗಳಿಗೆ 14 ವರ್ಷ, ಜೂನ್‌ಗೆ ಒಂಬತ್ತನೇ ಕ್ಲಾಸ್. ಅವಳ ರೂಮು 10 ಅಡಿಗೆ 11 ಅಡಿ. ಅವಳು ಯುಕೆಜಿಯಲ್ಲಿದ್ದಾಗ ಗುಲಾಬಿ ಡಿಸ್ಟೆಂಪರ್ ಹೊಡೆಸಿ ಚಿಟ್ಟೆ ಸ್ಟಿಕ್ಕರ್ ಅಂಟಿಸಿದ್ದೆವು. ಈಗ ಆ ರೂಮಿಗೆ ಗೆಳತಿಯರನ್ನು ಕರೆಯಲು ಅವಳಿಗೆ ನಾಚಿಕೆಯಂತೆ. ನಾಲ್ಕೂ ಗೋಡೆಗೆ ಕಪ್ಪು ಬಣ್ಣ ಬೇಕು, ಏಣಿ ಹತ್ತಿ ಮಲಗುವ ಎತ್ತರದ ಮಂಚ ಬೇಕು ಅನ್ನುತ್ತಾಳೆ. ನಮ್ಮ ಯಜಮಾನರು ಎಸ್ಸೆಸ್ಸೆಲ್ಸಿ ಮುಗಿಯಲಿ, ಅಲ್ಲಿವರೆಗೆ ಒಂದು ಓದುವ ಟೇಬಲ್ ಸಾಕು ಅನ್ನುತ್ತಾರೆ. ಅತ್ತೆಗೆ ಮನೆಯೊಳಗೆ ಕಪ್ಪು ಬಣ್ಣ ಆಗುವುದೇ ಇಲ್ಲ. ಕೈಯಲ್ಲಿ 40 ಸಾವಿರ ಇದೆ. ಬಾಗಿಲ ಪಕ್ಕದ ಗೋಡೆಯಲ್ಲಿ ಪ್ರತಿ ಹುಟ್ಟುಹಬ್ಬಕ್ಕೆ ಅವಳ ಎತ್ತರ ಗುರುತು ಹಾಕಿದ್ದೇವೆ, ಅದೂ ಹೋಗುತ್ತಲ್ಲ ಅಂತ ನನಗೆ ಸಂಕಟ. ಮನೆಯವರೆಲ್ಲ ಸೇರಿ ಈ ಕೆಲಸ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ನಿಮ್ಮ ಯಜಮಾನರ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಕಾಯಬೇಡಿ. ಅಷ್ಟು ಹೊತ್ತಿಗೆ ಅವಳಿಗೆ ಹದಿನಾರು. ಆಮೇಲೆ ಪಿಯುಸಿ ಎರಡು ವರ್ಷ, ಅದಾದ ಮೇಲೆ ಓದಲಿಕ್ಕೆ ಬೇರೆ ಊರಿಗೆ ಹೋದರೂ ಹೋದಳು. ರೂಮು ನಿಜವಾಗಿ ಬೇಕಾಗಿರುವುದು ಈಗ. ದಿನಕ್ಕೆ ನಾಲ್ಕೈದು ಗಂಟೆ ಕೂತು ಓದಬೇಕಾದ ಹುಡುಗಿ ಆ ರೂಮಿಗೆ ಹೋಗಲಿಕ್ಕೇ ಇಷ್ಟಪಡದಿದ್ದರೆ ಟೇಬಲ್ ತಂದಿಟ್ಟು ಏನು ಪ್ರಯೋಜನ? ಈ ಏಪ್ರಿಲ್-ಮೇ ರಜೆಯಲ್ಲೇ ಮುಗಿಸಿ. ನಿಮ್ಮ ಊರಿನಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಗೋಡೆ ಒಣಗುವುದಿಲ್ಲ. ಆಮೇಲೆ ದಸರಾ ಕಳೆಯುವವರೆಗೂ ಬಣ್ಣದ ಕೆಲಸಕ್ಕೆ ಕೈ ಹಾಕುವ ಹಾಗಿಲ್ಲ.

ಈಗ ನನ್ನ ಮನೆಯ ಒಂದು ವಿಷಯ. ಮನೆಗಳ ಒಳಾಂಗಣ ಮಾಡುವುದೇ ನನ್ನ ಕೆಲಸ. ನನ್ನ ಮಗನಿಗೆ 13 ಆದಾಗ ಅವನು ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋಗಿದ್ದ, ಆ ಒಂದು ತಿಂಗಳಲ್ಲಿ ನಾನು ಅವನ ರೂಮನ್ನು ಪೂರ್ತಿ ಬದಲಿಸಿ, ಬಣ್ಣದಿಂದ ಹಿಡಿದು ದಿಂಬಿನ ಕವರ್‌ವರೆಗೆ ಎಲ್ಲವನ್ನೂ ನಾನೇ ಆರಿಸಿ, ಅವನು ಬಂದು ಬಾಗಿಲು ತೆಗೆಯುವ ಗಳಿಗೆಗೆ ಕಾದು ಕೂತಿದ್ದೆ. ಅವನು ನೋಡಿದ. ಚೆನ್ನಾಗಿದೆ ಅಮ್ಮ ಅಂದ. ಮಾರನೇ ದಿನದಿಂದ ಪುಸ್ತಕ ತಂದು ಹಾಲ್‌ನಲ್ಲೇ ಓದಲು ಕೂತ. ಒಂದು ವರ್ಷ ಹೀಗೇ ನಡೆಯಿತು. ಕೊನೆಗೆ ಒಂದು ದಿನ ಕೇಳಿದಾಗ, "ಅಲ್ಲಿ ಏನು ಎತ್ತಿಟ್ಟರೂ ನಿನ್ನ ರೂಮು ಹಾಳು ಮಾಡಿದ ಹಾಗೆ ಅನ್ನಿಸುತ್ತೆ" ಅಂದ. ಅವತ್ತಿನಿಂದ ಈ ವಯಸ್ಸಿನ ಮಕ್ಕಳ ರೂಮಿನ ಕೆಲಸ ಬಂದರೆ ಅಪ್ಪ-ಅಮ್ಮನ ಜೊತೆ ಮಾತಾಡುವ ಮುಂಚೆ ಮಕ್ಕಳ ಜೊತೆ ಕೂರುತ್ತೇನೆ. ಎಲ್ಲರೂ ಸೇರಿ ಮಾಡಬೇಕು ಅನ್ನುವ ನಿಮ್ಮ ಆಸೆ ತುಂಬಾ ಸರಿ. ಆದರೆ ಸೇರಿ ಮಾಡುವುದು ಅಂದರೆ ನೀವು ತೀರ್ಮಾನ ಮಾಡಿ ಅವಳ ಕೈಗೆ ಬ್ರಷ್ ಕೊಡುವುದಲ್ಲ.

ಬಣ್ಣದ ವಿಚಾರಕ್ಕೆ ಬರುವ ಮುಂಚೆ ಒಂದು ಕೆಲಸ ಇದೆ. ನಾಳೆ ಆ ರೂಮಿನಲ್ಲಿ ಐದು ನಿಮಿಷ ನಿಂತು ನೋಡಿ, ಅಲ್ಲಿರುವ ಸಾಮಾನಿನಲ್ಲಿ ಅವಳದು ಎಷ್ಟು? ನಮ್ಮ ಕಡೆ ಮಕ್ಕಳ ರೂಮು ಅಂದರೆ ಅರ್ಧ ಉಗ್ರಾಣ. ಸಜ್ಜದ ಮೇಲೆ ನೆಂಟರಿಗೆ ಅಂತ ಎತ್ತಿಟ್ಟ ಹಾಸಿಗೆ, ದಸರಾ ಬೊಂಬೆಯ ಡಬ್ಬ, ಮಂಚದ ಕೆಳಗೆ ಅಜ್ಜಿಯ ಟ್ರಂಕು, ಬೀರುವಿನ ಮೇಲಿನ ಎರಡು ಖಾನೆಯಲ್ಲಿ ಅಮ್ಮನ ರೇಷ್ಮೆ ಸೀರೆ, ಬಾಗಿಲ ಹಿಂದೆ ಇಸ್ತ್ರಿ ಟೇಬಲ್. ದಿನಕ್ಕೆ ಹತ್ತು ಸಲ ಯಾರಾದರೂ ಏನನ್ನಾದರೂ ತೆಗೆಯಲು ಒಳಗೆ ಬರುತ್ತಾರೆ. ಆಮೇಲೆ ಆ ರೂಮು ತನ್ನದು ಅಂತ ಅವಳಿಗೆ ಹೇಗೆ ಅನ್ನಿಸಬೇಕು? ಪೂರ್ತಿ ಖಾಲಿ ಮಾಡುವುದು ಎಲ್ಲರ ಮನೆಯಲ್ಲೂ ಆಗುವುದಿಲ್ಲ, ಗೊತ್ತು. ವರ್ಷಕ್ಕೊಮ್ಮೆ ಬೇಕಾಗುವುದು ಸಜ್ಜದ ಮೇಲೆ ಇರಲಿ. ದಿನಾ, ವಾರ ಬೇಕಾಗುವುದು ಮಾತ್ರ ಆಚೆ ಬರಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ನಾನು ನೋಡಿದ ಮನೆಗಳಲ್ಲಿ ಮಕ್ಕಳ ಮುಖ ಅರಳಿದ್ದು ಹೊಸ ಬಣ್ಣಕ್ಕಿಂತ ಜಾಸ್ತಿ ಇದಕ್ಕೇ.

ಆಮೇಲೆ ನಾಲ್ವರೂ ಒಟ್ಟಿಗೆ ಕೂರಿ. ಅಜ್ಜಿಯೂ ಇರಲಿ. ಯಾವ ತೀರ್ಮಾನ ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಗೋಡೆಯ ತೇವ, ಕರೆಂಟು, ಮಂಚದ ಗಟ್ಟಿತನ, ಒಟ್ಟು ಖರ್ಚು ದೊಡ್ಡವರದು. ಬಣ್ಣ, ಪರದೆ, ಹೊದಿಕೆ, ಗೋಡೆಗೆ ಏನು ಹಾಕಬೇಕು, ಯಾವುದು ಎಲ್ಲಿರಬೇಕು ಅನ್ನುವುದು ಅವಳದು. 40 ಸಾವಿರ ಇದೆ ಅಂತ ಅವಳಿಗೆ ಮುಚ್ಚಿಡದೆ ಹೇಳಿ. ನಾನಾಗಿದ್ದರೆ ಅದರಲ್ಲಿ 8 ಸಾವಿರ ಅವಳ ಕೈಗೇ ಕೊಡುತ್ತಿದ್ದೆ, ಲೆಕ್ಕ ಬರೆದಿಡು, ಆದರೆ ಯಾಕೆ ತಗೊಂಡೆ ಅಂತ ಕೇಳುವುದಿಲ್ಲ ಅಂತ ಹೇಳಿ. ಮಕ್ಕಳು ಬೇಡದ್ದಕ್ಕೆ ಸುರಿಯುತ್ತಾರೆ ಅಂತ ಹೆದರುತ್ತೇವೆ. ಹಣ ನಿಜವಾಗಿ ತಮ್ಮದಾದಾಗ ಅವರು ನಾಲ್ಕು ಅಂಗಡಿ ಸುತ್ತಿ ದರ ಕೇಳಿಕೊಂಡು ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಈಗ ಕಪ್ಪು. ಬೇಡ ಅಂತ ಒಂದೇ ಏಟಿಗೆ ಹೇಳಬೇಡಿ, ಅವಳಿಗೇ ತೋರಿಸಿ. ಅಂಗಡಿಯ ಶೇಡ್ ಕಾರ್ಡ್‌ನಲ್ಲಿ ಒಂದಿಂಚು ಚೌಕ ನೋಡಿ ಬಣ್ಣ ಆರಿಸುವುದೇ ತಪ್ಪು, ಗೋಡೆ ತುಂಬಾ ಹಚ್ಚಿದಾಗ ಯಾವ ಬಣ್ಣವೂ ಕಾರ್ಡಿಗಿಂತ ಗಾಢವಾಗಿ ಕಾಣುತ್ತದೆ. ಚಿಕ್ಕ ಡಬ್ಬ ತನ್ನಿ. ಕಪ್ಪು ಒಂದು, ಅದರ ಜೊತೆ ಕಡು ನೀಲಿ, ಬಾಟಲ್ ಗ್ರೀನ್, ಇದ್ದಿಲಿನಂಥ ಬೂದು. ನಾಲ್ಕು ದೊಡ್ಡ ಡ್ರಾಯಿಂಗ್ ಶೀಟ್‌ಗೆ ಅವಳ ಕೈಯಲ್ಲೇ ಎರಡೆರಡು ಕೋಟ್ ಹೊಡೆಸಿ ಗೋಡೆಗೆ ಅಂಟಿಸಿ. ಬೆಳಿಗ್ಗೆ ನೋಡಲಿ, ಸಂಜೆ ನೋಡಲಿ, ಟ್ಯೂಬ್‌ಲೈಟ್ ಹಾಕಿ ನೋಡಲಿ. ಮೂರು ದಿನ ಹಾಗೇ ಇರಲಿ. 10-11 ಅಡಿ ರೂಮಿನ ನಾಲ್ಕೂ ಗೋಡೆ ಕಪ್ಪಾದರೆ ಬಿದ್ದ ಬೆಳಕನ್ನೆಲ್ಲ ಗೋಡೆಯೇ ಕುಡಿದುಬಿಡುತ್ತದೆ, ಎರಡು ಟ್ಯೂಬ್‌ಲೈಟ್ ಹಾಕಿದರೂ ಪುಸ್ತಕದ ಮೇಲೆ ಮಬ್ಬು. ಮಳೆಗಾಲದ ಮೂರು ಗಂಟೆಗೇ ಕತ್ತಲಾಗುವ ನಿಮ್ಮ ಊರಲ್ಲಿ ಅದು ಕಷ್ಟ. ಆದರೆ ಒಂದು ಗೋಡೆ ಕಡುಬಣ್ಣ ಇದ್ದು ಉಳಿದ ಮೂರು ತಿಳಿಯಾಗಿದ್ದರೆ ರೂಮು ನಿಜಕ್ಕೂ ಚೆಂದ ಕಾಣುತ್ತದೆ. ಆ ಗೋಡೆ ಕಿಟಕಿ ಇರುವ ಗೋಡೆ ಆಗದಿರಲಿ. ಕಿಟಕಿಯ ಬೆಳಕು ಕಣ್ಣಿಗೆ ಹೊಡೆದು ಸುತ್ತಲಿನ ಗೋಡೆ ಇನ್ನೂ ಕಪ್ಪಾಗಿ ಕಾಣುತ್ತದೆ. ಮಂಚದ ತಲೆಕಡೆಯ ಗೋಡೆ ಒಳ್ಳೆಯದು, ಓದುವಾಗ ಅದು ಬೆನ್ನ ಹಿಂದೆ ಇರುತ್ತದೆ. ಒಂದು ವೇಳೆ ಮೂರು ದಿನ ನೋಡಿದ ಮೇಲೂ ಒಂದು ಗೋಡೆ ಕಪ್ಪೇ ಇರಲಿ ಅಂದರೆ, ಇರಲಿ ಬಿಡಿ. ತೊಳೆಯಬಹುದಾದ ಎಮಲ್ಷನ್ ತಗೊಳ್ಳಿ, ಕಡುಬಣ್ಣದ ಮೇಲೆ ಕೈಗುರುತು ಬೇಗ ಕಾಣುತ್ತದೆ. ನಾಲ್ಕು ವರ್ಷದ ನಂತರ ಬೇಡವಾದರೆ ಒಂದು ಪ್ರೈಮರ್, ಎರಡು ಕೋಟ್‌ನಲ್ಲಿ ಅದು ಮುಚ್ಚಿಹೋಗುತ್ತದೆ.

ಅತ್ತೆಯವರ ಮನಸ್ಸಿಗೂ ಬೆಲೆ ಇದೆ. ಅವರ ಜೊತೆ ನೀವು ವಾದ ಮಾಡಬೇಡಿ, ಮೊಮ್ಮಗಳೇ ಆ ಶೀಟ್ ಹಿಡಿದುಕೊಂಡು ಹೋಗಿ ಅಜ್ಜಿಗೆ ತೋರಿಸಲಿ. ಕಡು ನೀಲಿಗೂ ಹಸಿರಿಗೂ ಅವರು ತಕರಾರು ಮಾಡಲಿಕ್ಕಿಲ್ಲ. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅನ್ನುವುದು ನಮ್ಮ ಹಿರಿಯರೆಲ್ಲರ ನಂಬಿಕೆ. ಮಂಚ ಯಾವ ದಿಕ್ಕಿಗಿರಬೇಕು ಅಂತ ಮೊದಲು ಅವರನ್ನೇ ಕೇಳಿ, ಅದಕ್ಕೆ ತಕ್ಕಂತೆ ಉಳಿದದ್ದನ್ನು ಜೋಡಿಸಿ. 110 ಚದರ ಅಡಿಯಲ್ಲಿ ಮಂಚ ಇಡಲು ಇರುವುದೇ ಎರಡು ಮೂರು ಜಾಗ, ಒಂದನ್ನು ಅವರ ಇಷ್ಟಕ್ಕೆ ಬಿಟ್ಟರೆ ಯಾರಿಗೂ ನಷ್ಟವಿಲ್ಲ.

ಗೋಡೆ ಕೆಲಸ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹಣ ಹಾಳಾಗುವುದು ಇಲ್ಲೇ. ಒಮ್ಮೆ ಒಂದು ಮನೆಯಲ್ಲಿ ಬಣ್ಣದ ಮೇಸ್ತ್ರಿ ತೇವದ ಗೋಡೆಗೆ ಹಾಗೇ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದ. ಆ ಮಳೆಗಾಲದಲ್ಲೇ ಅದು ಹಪ್ಪಳದ ಹಾಗೆ ಉಬ್ಬಿ ಉದುರಿತು. ನಿಮ್ಮ ಮನೆಯಲ್ಲಿ ಹಾಗಾಗದಿರಲಿ. ಹೊರಗೋಡೆಯ ಒಳಬದಿಗೆ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಬಿಗಿಯಾಗಿ ಟೇಪ್ ಹಾಕಿ, ಒಂದು ದಿನ ಪೂರ್ತಿ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ನೀರಿನ ಹನಿ ಕಂಡರೆ ಗೋಡೆಯೊಳಗೇ ತೇವ ಇದೆ. ಅದು ಟೆರೇಸಿನಿಂದ ಬರುತ್ತಿದೆಯೋ, ಬಚ್ಚಲಿನ ಪೈಪಿನಿಂದಲೋ, ಹೊರಗಿನ ಬಿರುಕಿನಿಂದಲೋ ನೋಡಿ ಅದನ್ನು ಸರಿ ಮಾಡಿಸಿ ಗೋಡೆ ಒಣಗಿದ ಮೇಲೆಯೇ ಮುಂದಿನ ಮಾತು. ಬಿಳಿ ಉಪ್ಪು ಎದ್ದಿದ್ದರೂ ಅಷ್ಟೇ. ಬಜೆಟ್ ಎಲ್ಲ ಇದಕ್ಕೇ ಹೋದರೂ ಹೋಗಲಿ, ಮಂಚ ಮುಂದಿನ ವರ್ಷ ತಂದರಾಯಿತು.

ಡಿಸ್ಟೆಂಪರ್ ಇದೆ ಅಂದಿರಲ್ಲ, ಒದ್ದೆ ಅಂಗೈಯಿಂದ ಗೋಡೆ ಉಜ್ಜಿ ನೋಡಿ. ಕೈಗೆ ಪುಡಿ ಅಂಟಿದರೆ ಅದರ ಮೇಲೆ ಎಮಲ್ಷನ್ ನಿಲ್ಲುವುದಿಲ್ಲ, ಪೂರ್ತಿ ಕೆರೆದು ತೆಗೆಸಬೇಕು. ಕೆರೆಯುವುದು, ಪುಟ್ಟಿ ಹಾಕುವುದು, ಉಪ್ಪು ಕಾಗದ ಹಾಕಿ ನಯ ಮಾಡುವುದು ಪೇಂಟರ್ ಕೆಲಸ. ಅದಕ್ಕೆ ಇಬ್ಬರು ಮೂರು ದಿನ ಬರಲಿ. ಪ್ರೈಮರ್ ಮತ್ತು ಬಣ್ಣ ನೀವೇ ಹೊಡೆಯಬಹುದು. ಲೆಕ್ಕ ಹೀಗಿದೆ. ನಾಲ್ಕು ಗೋಡೆಯ ಸುತ್ತಳತೆ 42 ಅಡಿ, ಎತ್ತರ 10 ಅಡಿ, ಒಟ್ಟು 420 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 380. ಒಂದು ಲೀಟರ್ ಎಮಲ್ಷನ್ ಎರಡು ಕೋಟ್‌ಗೆ ಹೆಚ್ಚು ಕಡಿಮೆ 60-70 ಚದರ ಅಡಿ ಬರುತ್ತದೆ. ಹಾಗಾಗಿ ಕಡುಬಣ್ಣ 2 ಲೀಟರ್, ತಿಳಿಬಣ್ಣ 4-5 ಲೀಟರ್, ಸೀಲಿಂಗ್‌ಗೆ ಬಿಳಿ 2 ಲೀಟರ್. ಎಲ್ಲವನ್ನೂ ಒಟ್ಟಿಗೆ ತನ್ನಿ, ಮಷಿನ್‌ನಲ್ಲಿ ಕಲಸಿದ ಬಣ್ಣ ಎರಡನೇ ಸಲಕ್ಕೆ ಕೂದಲೆಳೆಯಷ್ಟು ಬೇರೆ ಬಂದರೂ ಗೋಡೆಯಲ್ಲಿ ಎದ್ದು ಕಾಣುತ್ತದೆ. ಶೇಡ್ ನಂಬರ್ ಬರೆದಿಡಿ. ವಾಸನೆ ಕಡಿಮೆ ಇರುವ ಲೋ ವಿಒಸಿ ಬಣ್ಣ ಕೇಳಿ ತಗೊಳ್ಳಿ. ಆದರೂ ಎರಡು ಮೂರು ರಾತ್ರಿ ಅವಳು ಬೇರೆ ಕಡೆ ಮಲಗಲಿ, ಕಿಟಕಿ ತೆರೆದಿರಲಿ.

ಒಂದು ವಿಷಯದಲ್ಲಿ ಮಾತ್ರ ಮಕ್ಕಳನ್ನು ಸೇರಿಸಬೇಡಿ. ಬಾಗಿಲು, ಕಿಟಕಿ ಸರಳಿನ ಹಳೇ ಆಯಿಲ್ ಪೇಂಟ್ ಉಜ್ಜುವ ಕೆಲಸ. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ, ಅನ್ನುವ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ನಿಮ್ಮ ಮನೆ ಅದಕ್ಕಿಂತ ಹಳೆಯದು. ಹಳೇ ಪದರದಲ್ಲಿ ಸೀಸ ಜಾಸ್ತಿ ಇರುವ ಸಾಧ್ಯತೆ ಇದೆ, ಅದರ ಧೂಳು ಮಕ್ಕಳಿಗೆ ಒಳ್ಳೆಯದಲ್ಲ. ಬಣ್ಣ ಗಟ್ಟಿಯಾಗಿ ಕೂತಿದ್ದರೆ ಮುಟ್ಟಲೇಬೇಡಿ. ಉಜ್ಜಲೇಬೇಕಾದರೆ ನೀರು ಹಾಕಿ ಒದ್ದೆಯಾಗಿಯೇ ಉಜ್ಜಿಸಿ, ಮಾಸ್ಕ್ ಹಾಕಿಕೊಳ್ಳಲು ಹೇಳಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಉಳಿದ ಕೆಲಸಕ್ಕೆ ಮನೆಯವರೆಲ್ಲ ಇಳಿಯಿರಿ. ಚಿಟ್ಟೆ ಸ್ಟಿಕ್ಕರ್‌ಗೆ ಹೇರ್ ಡ್ರೈಯರ್‌ನ ಬಿಸಿ ಗಾಳಿ ಹಿಡಿದರೆ ಅಂಟು ಸಡಿಲವಾಗಿ ಬರುತ್ತದೆ. ಸ್ವಿಚ್ ಬೋರ್ಡ್, ಚೌಕಟ್ಟಿಗೆ ಮಾಸ್ಕಿಂಗ್ ಟೇಪ್ ಅಂಟಿಸುವುದು ಅಜ್ಜಿಯೂ ಮಾಡಬಹುದಾದ ಕೆಲಸ. ಫ್ಯಾನ್ ಹತ್ತಿರ ಏಣಿ ಹತ್ತುವುದು ಅಪ್ಪನದು, ಮೇನ್ ಆಫ್ ಮಾಡಿ. ಮೂಲೆಗೆ ಬ್ರಷ್, ಬಯಲಿಗೆ ಒಂಬತ್ತು ಇಂಚಿನ ರೋಲರ್. ಒಂದು ಕೋಟ್‌ಗೂ ಇನ್ನೊಂದಕ್ಕೂ ನಾಲ್ಕರಿಂದ ಆರು ಗಂಟೆ ಬಿಡಬೇಕು. ನನಗೆ ತುಂಬಾ ಇಷ್ಟವಾದದ್ದು ಆ ಕಾಯುವ ಹೊತ್ತು. ಮಂಡಕ್ಕಿ ತಿನ್ನುತ್ತಾ ನೆಲದ ಮೇಲೆ ಕೂತಿರುವಾಗ, ಎದುರುಬದುರು ಕೂರಿಸಿ ಕೇಳಿದರೆ ಬಾಯಿ ಬಿಡದ ಮಕ್ಕಳು ಸ್ಕೂಲಿನದ್ದು, ಗೆಳೆಯರದ್ದು ಎಲ್ಲ ತಾವಾಗಿಯೇ ಹೇಳುತ್ತಾರೆ. ಆಗ ಬುದ್ಧಿ ಹೇಳಲು ಹೋಗಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಅವಳು ಹೊಡೆದ ಜಾಗದಲ್ಲಿ ರೋಲರ್ ಗೆರೆ ಉಳಿದರೆ ಅವಳು ಮಲಗಿದ ಮೇಲೆ ಹೋಗಿ ಸರಿ ಮಾಡಲೂಬೇಡಿ.

ಎತ್ತರದ ಮಂಚಕ್ಕೆ ಮಾತ್ರ ನಾನು ಖಡಾಖಂಡಿತ ಬೇಡ ಅನ್ನುತ್ತೇನೆ. ಅವಳು ಫೋನ್‌ನಲ್ಲಿ ನೋಡಿದ ರೂಮುಗಳಲ್ಲಿ ಸೀಲಿಂಗ್ ಫ್ಯಾನ್ ಇರುವುದಿಲ್ಲ. ನಮ್ಮ ಮನೆಯಲ್ಲಿ 10 ಅಡಿಗೆ ಸ್ಲ್ಯಾಬ್, ಎಂಟೂವರೆ ಒಂಬತ್ತು ಅಡಿಯಲ್ಲಿ ಫ್ಯಾನಿನ ರೆಕ್ಕೆ. ಐದು ಅಡಿ ಎತ್ತರದ ಮಂಚದಲ್ಲಿ ಹಾಸಿಗೆ ಮೇಲೆ ಎದ್ದು ಕೂತರೆ ತಲೆ ಎಂಟು ಅಡಿ ದಾಟುತ್ತದೆ, ನಿದ್ದೆಗಣ್ಣಲ್ಲಿ ಕೈ ಎತ್ತಿದರೆ ಏನಾಗಬಹುದು ಯೋಚಿಸಿ. ಟೇಪ್ ತಗೊಂಡು ಅವಳೇ ಅಳೆದು ನೋಡಲಿ, ಒಪ್ಪುತ್ತಾಳೆ. ಅವಳಿಗೆ ಎತ್ತರದ ಮಂಚ ಯಾಕೆ ಬೇಕು ಅಂತಲೂ ಕೇಳಿ. ಕೆಳಗೆ ಜಾಗ ಸಿಗುತ್ತದೆ ಅಂತಲಾದರೆ ಡ್ರಾಯರ್ ಇರುವ ಸಾದಾ ಮಂಚ ಮಾಡಿಸಿ. ಗೆಳತಿಯರು ಉಳಿದುಕೊಳ್ಳಲಿ ಅಂತಲಾದರೆ ಕೆಳಗಿನಿಂದ ಇನ್ನೊಂದು ಹಾಸಿಗೆ ಎಳೆಯುವಂಥ ಮಂಚ ಬರುತ್ತದೆ, ರಜೆಗೆ ಬರುವ ಚಿಕ್ಕಪ್ಪನ ಮಕ್ಕಳಿಗೂ ಆಗುತ್ತದೆ. ಉದ್ದ 72 ಇಂಚಿನದು ಬೇಡ, 75 ಅಥವಾ 78 ಇರಲಿ. ಅವಳು ಇನ್ನೂ ಬೆಳೆಯುವ ಹುಡುಗಿ.

ಟೇಬಲ್ ವಿಷಯದಲ್ಲಿ ಯಜಮಾನರ ಮಾತು ಸರಿ, ಬೇಕೇ ಬೇಕು. 30 ಇಂಚು ಎತ್ತರ, 24 ಇಂಚು ಅಗಲ, ಉದ್ದ ನಾಲ್ಕು ಅಡಿಯಾದರೂ ಇರಲಿ. ಪಾದ ನೆಲಕ್ಕೆ ತಾಗುವ ಕುರ್ಚಿ ಬೇಕು, ಟೇಬಲ್‌ಗಿಂತ ಕುರ್ಚಿಗೆ ಜಾಸ್ತಿ ಖರ್ಚು ಮಾಡಿ. ಬಲಗೈಯಲ್ಲಿ ಬರೆಯುವವಳಾದರೆ ಕಿಟಕಿ ಎಡಕ್ಕೆ ಬರಲಿ, ಕೈಯ ನೆರಳು ಬರೆಯುವ ಜಾಗಕ್ಕೆ ಬೀಳುವುದಿಲ್ಲ. ಸೀಲಿಂಗ್‌ನ 20 ವ್ಯಾಟ್ ಎಲ್ಇಡಿ ಬ್ಯಾಟನ್ ಜೊತೆಗೆ ಟೇಬಲ್‌ಗೆ ಬೇರೆ ದೀಪ ಇರಲಿ. ಹಾಸಿಗೆ ಪಕ್ಕ ಹಳದಿ ಬೆಳಕಿನ 3000 ಕೆಲ್ವಿನ್ ಬಲ್ಬ್ ಹಾಕಿ. ಮೂರಕ್ಕೂ ಬೇರೆ ಬೇರೆ ಸ್ವಿಚ್. ಟೇಬಲ್ ಮೇಲಿನ ಪುಸ್ತಕದ ಹಲಗೆಯನ್ನು ಅಪ್ಪ-ಮಗಳು ಸೇರಿ ಹಾಕಲಿ, ಡ್ರಿಲ್ ಹಿಡಿಯುವುದನ್ನು ಅವಳಿಗೆ ಕಲಿಸಲಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಮಾತ್ರ ಕೊರೆಯಬಾರದು, ವೈರಿನ ಪೈಪ್ ಸಾಮಾನ್ಯವಾಗಿ ಅಲ್ಲೇ ಹೋಗಿರುತ್ತದೆ.

ಇರುವ ಬೀರು ಗಟ್ಟಿಯಿದ್ದರೆ ಅದನ್ನೇ ಇಟ್ಟುಕೊಂಡು ಅವಳ ಇಷ್ಟದ ಬಣ್ಣ ಹೊಡೆಸಿ. ಹೊರಗೋಡೆಗೆ ಒತ್ತಿ ಇಡದೆ ಮೂರು ಇಂಚು ಬಿಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಬಟ್ಟೆಗೆಲ್ಲ ಬೂಷ್ಟು ಹಿಡಿಯುತ್ತದೆ. ಹೊಸದು ಮಾಡಿಸುವುದಾದರೆ ಪ್ಲೈವುಡ್ ಹಾಳೆಯ ಮೇಲೆ ಐಎಸ್ 710 ಮುದ್ರೆ ಇದೆಯಾ ನೋಡಿ. ಮಲೆನಾಡಿನ ತೇವಕ್ಕೆ ಅದು ತಡೆಯುತ್ತದೆ. ಐಎಸ್ 303 ಅಂತ ಇರುವ ಸಾಮಾನ್ಯ ಪ್ಲೈ ಬೇಡ.

ಅವಳು ಬಾಯಿಬಿಟ್ಟು ಕೇಳದ ಒಂದೆರಡು ವಿಷಯ ಇವೆ. ಬೀಗ ಹಾಕಿಕೊಳ್ಳುವ ಒಂದು ಡ್ರಾಯರ್, ಮುಚ್ಚಳ ಇರುವ ಕಸದ ಡಬ್ಬ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಮುಟ್ಟಿನ ದಿನಗಳಲ್ಲಿ ಅವಳಿಗೆ ಇವು ಎಷ್ಟು ಬೇಕು ಅಂತ ನಿಮಗೆ ಹೇಳಬೇಕಿಲ್ಲ. ಚಿಲಕ ಅಂದರೆ ಭಯವಾದರೆ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆಗೆಯಬಹುದಾದ ಲಾಕ್ ಸಿಗುತ್ತದೆ, ಅದು ಹಾಕಿಸಿ. ಬಾಗಿಲು ತಟ್ಟಿ ಒಳಗೆ ಹೋಗುವುದು ಮನೆಯವರೆಲ್ಲರಿಗೂ ನಿಯಮ ಆಗಲಿ, ಅಪ್ಪನಿಗೂ, ಅಜ್ಜಿಗೂ. ಅದಕ್ಕೆ ಪ್ರತಿಯಾಗಿ ನೀವೂ ಒಂದು ಕೇಳಿ, ರಾತ್ರಿ ಫೋನ್ ಆ ರೂಮಿನಲ್ಲಿ ಬೇಡ. 13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹಾಲ್‌ನಲ್ಲಿ ಒಂದು ಚಾರ್ಜಿಂಗ್ ಜಾಗ ಮಾಡಿ, ಅಲ್ಲಿ ನಿಮ್ಮ ಫೋನೂ ಯಜಮಾನರ ಫೋನೂ ಇರಬೇಕು. ಅವಳದೊಂದೇ ಇಟ್ಟರೆ ವಾರವೂ ನಡೆಯುವುದಿಲ್ಲ.

ಎಲ್ಲವನ್ನೂ ಒಂದೇ ತಿಂಗಳಲ್ಲಿ ತುಂಬಿಸಬೇಡಿ. ನಾಲ್ಕಡಿ-ಮೂರಡಿ ಸಾಫ್ಟ್‌ಬೋರ್ಡ್ ಒಂದನ್ನು ಗೋಡೆಗೆ ಹಾಕಿಬಿಡಿ, ಈ ವರ್ಷ ಇಷ್ಟವಾದ ಪೋಸ್ಟರ್ ಮುಂದಿನ ವರ್ಷ ಇರುವುದಿಲ್ಲ, ಪಿನ್ ಕಿತ್ತು ಬೇರೆ ಹಾಕಿಕೊಳ್ಳುತ್ತಾಳೆ, ಟೇಪಿನ ಜೊತೆ ಬಣ್ಣವೂ ಕಿತ್ತು ಬರುವ ಕಷ್ಟ ಇಲ್ಲ. 5 ಸಾವಿರ ಮುಟ್ಟದೆ ಉಳಿಸಿ. ಮೂರು ತಿಂಗಳು ಆ ರೂಮಿನಲ್ಲಿ ಇದ್ದ ಮೇಲೆ ಏನು ಬೇಕು ಅಂತ ಅವಳಿಗೇ ಗೊತ್ತಾಗುತ್ತದೆ.

ಕೊನೆಗೆ ಆ ಎತ್ತರದ ಗುರುತು. ಪೇಂಟರ್ ಬಂದು ಕೆರೆದರೆ ಅರ್ಧ ನಿಮಿಷದಲ್ಲಿ ಹೋಗುತ್ತದೆ, ಹಾಗಾಗಿ ಅವರು ಬರುವ ಮುಂಚಿನ ದಿನವೇ ಅವಳ ಜೊತೆ ಮಾತಾಡಿ. ಆ ಪಟ್ಟಿಯಷ್ಟು ಜಾಗಕ್ಕೆ ಸುತ್ತ ಮಾಸ್ಕಿಂಗ್ ಟೇಪ್ ಹಾಕಿ ಗುಲಾಬಿಯಾಗಿಯೇ ಬಿಡಬಹುದು. ಇಲ್ಲವಾದರೆ ಉದ್ದನೆಯ ಮರದ ಪಟ್ಟಿಯನ್ನು ನೆಲಕ್ಕೆ ತಾಗಿಸಿ ಹಿಡಿದು ಎಲ್ಲ ಗುರುತು, ತಾರೀಕು ಅದಕ್ಕೆ ಇಳಿಸಿಕೊಂಡು ಎತ್ತಿಡಿ. ಯಾವುದು ಅಂತ ಅವಳೇ ಹೇಳಲಿ. ತನ್ನ ರೂಮಿನಲ್ಲಿ ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ, ಆ ಪಟ್ಟಿಯನ್ನು ನಿಮ್ಮ ರೂಮಿನ ಬಾಗಿಲ ಪಕ್ಕ ನಿಲ್ಲಿಸಿ, ಈ ವರ್ಷದ ಗುರುತು ಅಲ್ಲೇ ಹಾಕಿ.